ಹಿತ್ತಲಲ್ಲಿ ಕಡಿಮೆ ಖರ್ಚಿನ ಮಳೆಮರೆ ಕಟ್ಟೋದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಜೂನ್ ಬಂತೆಂದರೆ ಹಿತ್ತಲಿನ ಟೊಮೆಟೊ, ಹಸಿಮೆಣಸು, ಕೊತ್ತಂಬರಿ ಎಲ್ಲ ಕೊಳೆತು ಹೋಗುತ್ತವೆ. ಪಾಲಿಹೌಸ್ (ಸುತ್ತಲೂ ಪ್ಲಾಸ್ಟಿಕ್ ಹೊದಿಸಿದ ಗಿಡದ ಮನೆ) ಎಂದರೆ ನಮ್ಮ ಕೈಗೆ ಎಟುಕುವ ಮಾತಲ್ಲ. ಬಿದಿರು, ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಮನೆಯಲ್ಲೇ ಇದೆ. 10 ಅಡಿ ಅಗಲ, 20 ಅಡಿ ಉದ್ದದ ಜಾಗ ಇದೆ. ಏನಾದರೂ ಮಾಡಬಹುದಾ?

ಉತ್ತರ: ಧಾರಾಳವಾಗಿ ಮಾಡಬಹುದು. ನಿಮಗೆ ಪಾಲಿಹೌಸ್ ಬೇಕಾಗಿಯೇ ಇಲ್ಲ. ಸುತ್ತಲೂ ಮುಚ್ಚಿದ ಮನೆ ಚಳಿ ದೇಶದವರಿಗೆ ಸರಿ, ಅವರಿಗೆ ಒಳಗಿನ ಬಿಸಿ ಹೊರಗೆ ಹೋಗಬಾರದು. ನಮ್ಮ ಮಲೆನಾಡಿನ ತೊಂದರೆ ಬೇರೆ. ಇಲ್ಲಿ ಎಲೆ ಒಣಗೋದೇ ಇಲ್ಲ. ಎಲೆ ಮೇಲೆ ಗಂಟೆಗಟ್ಟಲೆ ನೀರು ನಿಂತರೆ ಬೂಸ್ಟಿಗೆ ಹಬ್ಬ. ಹಾಗಾಗಿ ತಲೆ ಮೇಲೊಂದು ಮರೆ, ನಾಲ್ಕೂ ಕಡೆ ಗಾಳಿ, ಇಷ್ಟು ಸಾಕು. ಕೇರಳದಲ್ಲಿ ಇದನ್ನು ‘ಮಳಮರ’ ಅಂತಾರೆ. ನಾವು ಮಳೆಮರೆ ಅನ್ನೋಣ.

ಎಲ್ಲಕ್ಕಿಂತ ಮುಖ್ಯ ಮಾಡಿನ ಇಳಿಜಾರು. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಮೊದಲ ಸಲ ಅಡಿಕೆ ಒಣಗಿಸುವ ಚಪ್ಪರದ ಮೇಲೇ ಪ್ಲಾಸ್ಟಿಕ್ ಎಳೆದು ಕಟ್ಟಿದ್ದೆ. ಹೆಚ್ಚುಕಡಿಮೆ ಸಪಾಟು. ಒಂದು ರಾತ್ರಿ ಜೋರು ಮಳೆ. ಶೀಟು ಎರಡು ದಬ್ಬೆಗಳ ನಡುವೆ ಜಗ್ಗಿ ಹೊಟ್ಟೆ ಕಟ್ಟಿತು. ಬೆಳಗಿನ ಜಾವ ಸಿಡಿಲಿನಂಥ ಸದ್ದು. ಎದ್ದು ನೋಡಿದರೆ ಚಪ್ಪರ ಗಿಡಗಳ ಮೇಲೆ ಮಲಗಿದೆ. ಲೆಕ್ಕ ಸುಲಭ: ಒಂದು ಮೀಟರ್ ಉದ್ದಗಲದ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 100 ಕಿಲೋ ಭಾರ. ಯಾವ ದಬ್ಬೆ ತಾನೇ ತಡೆದೀತು?

ಆದ್ದರಿಂದ ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಬದಿಯ ಕಂಬ ನೆಲದಿಂದ ಆರೂವರೆ ಅಡಿ, ನಡುವಿನದು ಒಂಬತ್ತೂವರೆ ಅಡಿ ಇರಲಿ. ಉದ್ದಕ್ಕೆ ಆರೇಳು ಅಡಿಗೊಂದು ಸಾಲಿನಂತೆ ನಾಲ್ಕು ಸಾಲು, ಒಟ್ಟು 12 ಕಂಬ. ಎರಡು ಅಡಿ ಹೂಳಬೇಕು. ಮಣ್ಣಿನೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿಯಿರಿ. ಅಡಿಕೆ ಮರವನ್ನು ಮಾತ್ರ ಕಂಬಕ್ಕೆ ನಂಬಬೇಡಿ, ನೆಲದಲ್ಲಿ ಬೇಗ ಕುಂಬಾಗುತ್ತದೆ. ಕಂಬಕ್ಕೆ ಬಲಿತ ಬಿದಿರು, ಅಡ್ಡ ಪಟ್ಟಿಗೆ ಅಡಿಕೆ ದಬ್ಬೆ. ದಬ್ಬೆಗಳನ್ನು ಎರಡು ಅಡಿಗಿಂತ ದೂರ ಹಾಕಬೇಡಿ.

ಶೀಟು ಕೊಳ್ಳುವಾಗ ಜಿಪುಣತನ ಬೇಡ. ಅಂಗಡಿಯಲ್ಲಿ ‘ಯುವಿ ಶೀಟ್, 200 ಮೈಕ್ರಾನ್’ ಅಂತ ಕೇಳಿ. ಯುವಿ ಶೀಟ್ ಅಂದರೆ ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್, 200 ಮೈಕ್ರಾನ್ ಅದರ ದಪ್ಪ. ಕೆಲವರು ಆ ದಪ್ಪವನ್ನೇ 800 ಗೇಜ್ ಅಂತಾರೆ. ಸಾದಾ ಪ್ಲಾಸ್ಟಿಕ್ ನೋಡಲು ಹಾಗೇ ಇರುತ್ತದೆ, ಒಂದು ಬೇಸಿಗೆ ಕಂಡರೆ ಹಪ್ಪಳದ ಹಾಗೆ ಮುರಿಯುತ್ತದೆ. ನೀಲಿ ಟಾರ್ಪಾಲು ಬೇಡವೇ ಬೇಡ. ಮೊದಲೇ ಮೋಡದ ದಿನಗಳು, ಇರುವ ಬೆಳಕನ್ನೂ ಅದು ತಿನ್ನುತ್ತದೆ. ನಿಮ್ಮ ಅಳತೆಗೆ 15-16 ಅಡಿ ಅಗಲ, 24 ಅಡಿ ಉದ್ದದ ಒಂದೇ ತುಂಡು ಬೇಕು. ಸುತ್ತಲೂ ಒಂದಡಿಗಿಂತ ಜಾಸ್ತಿ ಹೊರಚಾಚು ಸಿಗುತ್ತದೆ.

ಶೀಟಿಗೆ ನೇರವಾಗಿ ಮೊಳೆ ಹೊಡೆದರೆ ಅಲ್ಲಿಂದಲೇ ಹರಿಯುತ್ತದೆ. ಮೇಲೊಂದು ದಬ್ಬೆ ಪಟ್ಟಿ ಇಟ್ಟು, ಹಳೇ ಸೈಕಲ್ ಟ್ಯೂಬಿನ ತುಂಡನ್ನು ವಾಷರ್ ಮಾಡಿ ಮೊಳೆ ಹೊಡೆಯಿರಿ. ಬಿದಿರಿನ ಗಿಣ್ಣು ಶೀಟಿಗೆ ತಾಗುವ ಕಡೆ ಕೆತ್ತಿ ನಯ ಮಾಡಿ, ಹಳೇ ಸೀರೆ ಸುತ್ತಿ. ನಮ್ಮ ಮನೆಯ ಮಳೆಮರೆಯ ಒಳಗೆ ನಿಂತು ಮೇಲೆ ನೋಡಿದರೆ ಮೂರು ಸೀರೆಗಳ ಅಂಚು ಕಾಣುತ್ತದೆ. ಮನೆಯವರು ಇವತ್ತಿಗೂ ಒಂದನ್ನು ಗುರುತಿಸಿ ಬೈಯುತ್ತಾರೆ.

ಜಾಗದ ವಿಷಯ. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ ಅಲ್ವಾ? ಹಾಗಾಗಿ ಮನೆಯ ಮೂಡಲ ಬದಿ ಒಳ್ಳೇದು. ಮನೆಯೇ ಗಾಳಿಗೆ ಅಡ್ಡ ನಿಲ್ಲುತ್ತದೆ, ಬೆಳಗಿನ ಬಿಸಿಲೂ ಸಿಗುತ್ತದೆ. ಮನೆ ಮಾಡಿನ ನೀರು ಇದರ ಮೇಲೆ ಸುರಿಯದಷ್ಟು ದೂರ ಬಿಡಿ. ಈ ಮಾಡಿನಿಂದಲೂ ನೀರೇನು ಕಮ್ಮಿ ಬೀಳಲ್ಲ. ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ ಎರಡೂವರೆ ಸಾವಿರ ಲೀಟರಿಗೂ ಜಾಸ್ತಿ. ಸುತ್ತ ಒಂದಡಿ ಆಳದ ಚರಂಡಿ ತೆಗೆದು ನೀರನ್ನು ದೂರ ಸಾಗಿಸಿ. ಒಳಗೆ ಒಂದಡಿ ಎತ್ತರದ ಏರುಮಡಿ ಮಾಡಿ.

ಇನ್ನು ಹೊಸಬರು ಮರೆಯುವ ಒಂದು ಸಂಗತಿ: ನೀರು ಹಾಕೋದು! ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ, ಒಳಗೆ ಗಿಡ ಬಾಡುತ್ತಿರುತ್ತದೆ. ಮಳೆಗಾಲದಲ್ಲಿ ಕೊಡ ಹಿಡಿದು ಹೋದರೆ ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ. ಎರಡು ಗೆಣ್ಣು ಒಣಗಿದ್ದರೆ ಬುಡಕ್ಕೆ ಮಾತ್ರ ಹಾಕಿ, ಎಲೆ ತೋಯಬಾರದು. ಹಾಕೋದೂ ಬೆಳಗ್ಗೆಯೇ.

ಎಲ್ಲ ತರಕಾರಿಗೂ ಈ ಮರೆ ಬೇಡ. ಕೆಸು, ಬಸಳೆ, ಹೀರೆ, ಮಳೆಗಾಲದ ಬೆಂಡೆ ಹೊರಗೇ ಇರಲಿ. ಒಳಗಿನ ಜಾಗ ಟೊಮೆಟೊ, ಹಸಿಮೆಣಸು, ಕೊತ್ತಂಬರಿಗೆ ಮೀಸಲು. ಮಳೆ ಮುಗಿದ ಮೇಲೆ ಶೀಟು ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿ. ಇಲಿ ಕಡಿಯದ ಜಾಗ ನೋಡಿಕೊಳ್ಳಿ.

ಪ್ರಶ್ನೆ: ಶೀಟಿನ ಬದಲು ಹಸಿರು ಪರದೆ ಹಾಕಿದರೆ ಆಗಲ್ವಾ? ಅದು ಅಗ್ಗ.

ಉತ್ತರ: ಆಗಲ್ಲ. ಆ ಪರದೆ ಬಿಸಿಲು ತಡೆಯಲು ಇರೋದು. ಮಳೆ ಅದರೊಳಗಿಂದ ಸಣ್ಣ ಹನಿಯಾಗಿ ಇಳಿದೇ ಇಳಿಯುತ್ತದೆ. ಶೇ 50ರ ಪರದೆಯಾದರೆ ಅರ್ಧ ಬೆಳಕೂ ಹೋಯಿತು. ಗಿಡ ಸುಮ್ನೆ ಉದ್ದ ಬೆಳೆದು ಬಾಗುತ್ತದೆ, ಹೂ ಬಿಡಲ್ಲ. ಮನೆಯಲ್ಲಿ ಪರದೆ ಇದ್ದರೆ ಮಳೆಮರೆಯ ಪಡುವಣ ಬದಿಗೆ ಇಳಿಬಿಡಿ. ಗಾಳಿಗೆ ಬರುವ ಎರಚಲು ಅಲ್ಲೇ ನಿಲ್ಲುತ್ತದೆ. ಬೇರೆ ಮೂರು ಬದಿ ತೆರೆದಿರಲಿ, ಜೇನುಹುಳಕ್ಕೂ ದಾರಿ ಬೇಕು.

ಪ್ರಶ್ನೆ: ಮಳೆಮರೆ ಕಟ್ಟಿ ಎರಡು ವರ್ಷವಾಯಿತು. ಈ ಸಲ ಕಾಯಿ ಬಿಡುವ ಹೊತ್ತಿಗೆ ಟೊಮೆಟೊ ಗಿಡಗಳು ಹಸಿರಾಗಿದ್ದಂತೆಯೇ ಒಂದೊಂದಾಗಿ ಜೋತುಬಿದ್ದು ಸತ್ತವು. ನೀರು ಹಾಕಿದರೂ ಏಳಲಿಲ್ಲ. ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯಲಾ?

ಉತ್ತರ: ಸ್ವಲ್ಪ ತಡೆಯಿರಿ. ಸತ್ತ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಣ್ಣಿನಲ್ಲೇ ಕೂತು ಬೇರಿನಿಂದ ಏರುವಂಥದ್ದು. ಎಲೆಗೆ ಬೋರ್ಡೋ ಹೊಡೆದು ಅದನ್ನು ಹಿಡಿಯಲು ಆಗಲ್ಲ. ಬೋರ್ಡೋ ಹೊಡೆಯುವ ಅಡಿಕೆ ಕೊಳೆ ರೋಗದ ಲೆಕ್ಕವೇ ಬೇರೆ.

ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಟೊಮೆಟೊ ಹಾಕಿದ್ದೀರಿ ಅಂತ ನನ್ನ ಅನುಮಾನ. ಸತ್ತ ಗಿಡಗಳನ್ನು ಬೇರು, ಬೇರಿನ ಸುತ್ತಲ ಮಣ್ಣು ಸಮೇತ ಕಿತ್ತು ಸುಡಿ. ಗೊಬ್ಬರಗುಂಡಿಗೆ ಹಾಕಬೇಡಿ. ಆ ಗುದ್ದಲಿಯನ್ನು ತೊಳೆಯದೆ ಬೇರೆ ಮಡಿಗೆ ಇಳಿಸಬೇಡಿ. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಎಲ್ಲ ಒಂದೇ ಕುಲ, ರೋಗವೂ ಒಂದೇ. ಹಾಗಾಗಿ ಆ ಮಡಿಯಲ್ಲಿ ಎರಡು ಮೂರು ವರ್ಷ ಕೊತ್ತಂಬರಿಯೋ ಮೆಂತ್ಯವೋ ಹಾಕಿ. ಟೊಮೆಟೊ ಬೇಕೇ ಬೇಕು ಎಂದರೆ ಹೊಸ ಮಣ್ಣು ತುಂಬಿದ ಚೀಲಗಳಲ್ಲಿ ಬೆಳೆಯಿರಿ. ಬೀಜಕ್ಕೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಕೇಳಿ ನೋಡಿ, ಈ ಸೊರಗು ರೋಗ ತಡೆದುಕೊಳ್ಳುವ ತಳಿ. ಅದು ಹೈಬ್ರಿಡ್, ಹಣ್ಣಿನಿಂದ ಬೀಜ ತೆಗೆದಿಟ್ಟುಕೊಂಡರೆ ಮುಂದಿನ ಸಲ ಅದೇ ಗುಣ ಬರಲ್ಲ. ಪ್ರತಿ ವರ್ಷ ಹೊಸ ಪೊಟ್ಟಣವೇ ಬೇಕು.