ವಿಷ ಇಟ್ಟರೂ ಇಲಿಗಳು ಮತ್ತೆ ಬರುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಇಲಿ ಕಾಟದ್ದೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಐದು ಮಾಡಿಕೊಂಡಿದ್ದೇನೆ.

ಎರಡು ತಿಂಗಳಿಂದ ಅಡುಗೆಮನೆಯಲ್ಲಿ ಇಲಿ ಕಾಟ. ವಿಷದ ಕೇಕ್ ಇಟ್ಟೆವು. ಸ್ವಲ್ಪ ದಿನ ಸದ್ದಿರಲಿಲ್ಲ, ಈಗ ಮತ್ತೆ ಶುರುವಾಗಿದೆ. ಇನ್ನೂ ಜೋರಾದ ವಿಷ ಯಾವುದಿದೆ?

ವಿಷ ಬದಲಿಸಿದರೆ ಇನ್ನೊಂದು ತಿಂಗಳು ನೆಮ್ಮದಿ ಸಿಗಬಹುದು, ಅಷ್ಟೇ. ಮನೆಯೊಳಗಿದ್ದ ಇಲಿಗಳು ಸತ್ತವು, ನಿಜ. ಆದರೆ ಅವು ಬಂದ ದಾರಿ ಹಾಗೇ ತೆರೆದಿದೆ, ತಿನ್ನಲು ಸಿಗುತ್ತಿದ್ದದ್ದು ಈಗಲೂ ಸಿಗುತ್ತಿದೆ. ಜಾಗ ಖಾಲಿಯಾಯಿತು, ಹೊರಗಿನವು ಬಂದು ಸೇರಿಕೊಂಡವು. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಡೇವಿಸ್ ಎಂಬ ವಿಜ್ಞಾನಿ ಇಲಿಗಳನ್ನು ಎಣಿಸುತ್ತಾ ಇದನ್ನೇ ಕಂಡರು. ಬರೀ ಕೊಂದ ಕಡೆ ಇಲಿಗಳು ಮೊದಲಿನಷ್ಟೇ ಆದವು. ಆಹಾರ ಮತ್ತು ಅಡಗುವ ಜಾಗ ಕಡಿಮೆ ಮಾಡಿದ ಕಡೆ ಅವುಗಳ ಸಂಖ್ಯೆ ಇಳಿಯಿತು. ಇಲಿ ಗರ್ಭ ಧರಿಸಿ ಮರಿ ಹಾಕಲು 21ರಿಂದ 23 ದಿನ ಸಾಕು. ಒಂದು ಸೂಲಿಗೆ ಆರರಿಂದ ಹನ್ನೆರಡು ಮರಿ. ಎರಡು ಮೂರು ತಿಂಗಳಲ್ಲಿ ಆ ಮರಿಗಳೂ ಮರಿ ಹಾಕುತ್ತವೆ. ಈ ಲೆಕ್ಕದ ಮುಂದೆ ವಿಷದ ಕೇಕ್ ಗೆಲ್ಲುವುದಿಲ್ಲ.

ಹಾಗಾಗಿ ಮೊದಲು ನೋಡಿ, ಆಮೇಲೆ ಕೈ ಹಾಕಿ. ಟಾರ್ಚ್ ಹಿಡಿದು ಫ್ರಿಜ್ ಹಿಂದೆ, ಸಿಂಕ್ ಕೆಳಗೆ, ಅಟ್ಟದ ಮೂಲೆಯಲ್ಲಿ ಹಿಕ್ಕೆ ಹುಡುಕಿ. ಅಕ್ಕಿಕಾಳಿಗಿಂತ ದೊಡ್ಡದಿಲ್ಲದಿದ್ದರೆ ಅದು ಸುಂಡಿಲಿ, ಅಂದರೆ ಮನೆಯೊಳಗಿನ ಪುಟ್ಟ ಇಲಿ. ಒಂದು ಸೆಂ.ಮೀ.ಗಿಂತ ಸ್ವಲ್ಪ ಉದ್ದವಿದ್ದು ಎರಡೂ ತುದಿ ಚೂಪಾಗಿದ್ದರೆ ಮೇಲಿನಿಂದ, ಚಾವಣಿ ಕಡೆಯಿಂದ ಬರುವ ಇಲಿ. ಸುಮಾರು ಎರಡು ಸೆಂ.ಮೀ. ಇದ್ದು ತುದಿ ಮೊಂಡಾಗಿದ್ದರೆ ನೆಲದಲ್ಲಿ ಬಿಲ ತೋಡುವ, ಚರಂಡಿಯಲ್ಲಿ ಓಡಾಡುವ ದೊಡ್ಡ ಕಂದು ಇಲಿ. ಇದು ಗೊತ್ತಾದರೆ ತೂತನ್ನು ಮೇಲೆ ಹುಡುಕಬೇಕೋ ಕೆಳಗೋ ಎಂಬುದೂ ಗೊತ್ತಾಗುತ್ತದೆ. ಗೋಡೆ ಬುಡದಲ್ಲಿ ಎಣ್ಣೆ ಒರೆಸಿದಂತೆ ಕಪ್ಪು ಗೆರೆ ಕಂಡರೆ ಅದು ಅವು ದಿನಾ ಓಡಾಡುವ ದಾರಿ. ಇಲಿಗಳು ಬಯಲಿಗೆ ಬರುವುದು ಕಡಿಮೆ, ಗೋಡೆಗೆ ಮೈ ಒರೆಸಿಕೊಂಡೇ ಓಡುತ್ತವೆ.

ಈಗ ತೂತುಗಳು. ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿ.ಮೀ. ಕಂಡಿ ಸುಂಡಿಲಿಗೆ ಸಾಕು. ದೊಡ್ಡ ಇಲಿಗೆ ಸುಮಾರು 12 ಮಿ.ಮೀ. ಸಾಕು. ಗ್ಯಾಸ್ ಪೈಪು, ನೀರಿನ ಪೈಪು, ಎಸಿ ಪೈಪು ಗೋಡೆ ದಾಟುವ ಜಾಗ, ಬಚ್ಚಲಿನ ಜಾಲರಿ, ಬಾಗಿಲ ಕೆಳಗಿನ ಸಂದು, ಇವನ್ನೇ ಮೊದಲು ನೋಡಿ. ರಾತ್ರಿ ಒಳಗೆ ದೀಪ ಹಚ್ಚಿ ಹೊರಗೆ ನಿಂತರೆ ಎಷ್ಟೋ ಸಂದುಗಳು ತಾವೇ ಕಾಣುತ್ತವೆ. ಮುಚ್ಚಲು ಬರೀ ಫೋಮ್ ಬಳಸಬೇಡಿ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಫೋಮನ್ನು ಅದು ಸುಲಭವಾಗಿ ಕಡಿದು ಹಾಕುತ್ತದೆ. ಸ್ಟೀಲ್ ವೂಲ್ (ಉಕ್ಕಿನ ನಾರು) ತುರುಕಿ ಮೇಲೆ ಸಿಮೆಂಟ್ ಮೆತ್ತಿ. ದೊಡ್ಡ ಕಂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ಬಾಗಿಲ ಬುಡಕ್ಕೆ ತಗಡಿನ ಪಟ್ಟಿ. ಚಾವಣಿಗೆ ತಾಗುವ ಮರದ ಕೊಂಬೆ ಇದ್ದರೆ ಕತ್ತರಿಸಿ.

ಒಳಗೆ ಉಳಿದವಕ್ಕೆ ಸ್ಪ್ರಿಂಗ್ ಬೋನು ನನ್ನ ಮೊದಲ ಆಯ್ಕೆ. ವಿಷ ತಿಂದ ಇಲಿ ಗೋಡೆಯೊಳಗೆಲ್ಲೋ ಸತ್ತು ವಾರಗಟ್ಟಲೆ ನಾರುತ್ತದೆ. ಬೋನಿಗೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಎತ್ತಿ ಹಾಕಬಹುದು. ಒಂದೆರಡು ಬೋನು ಸಾಲದು, ಆರಾದರೂ ಬೇಕು. ಇಲಿ ಹೊಸ ವಸ್ತುವನ್ನು ಕಂಡರೆ ಹೆದರುತ್ತದೆ. ಅದಕ್ಕೇ ಮೂರು ನಾಲ್ಕು ದಿನ ಸ್ಪ್ರಿಂಗ್ ಎಳೆಯದೆ ಬರೀ ತಿಂಡಿ ಇಟ್ಟು ಸುಮ್ನೆ ಬಿಡಿ. ಧೈರ್ಯವಾಗಿ ತಿನ್ನತೊಡಗಿದ ಮೇಲೆ ಎಲ್ಲ ಬೋನುಗಳನ್ನೂ ಒಂದೇ ರಾತ್ರಿ ಹೂಡಿ. ತಿಂಡಿ ಇಟ್ಟ ತುದಿ ಗೋಡೆಗೆ ತಾಗುವಂತೆ ಬೋನನ್ನು ಅಡ್ಡಕ್ಕಿಡಿ. ಮಗುವಿನ ಕೈಗೆ, ಸಾಕುಪ್ರಾಣಿಯ ಮೂತಿಗೆ ಎಟುಕದ ಜಾಗವಾಗಿರಲಿ. ಸುಂಡಿಲಿಯ ಸ್ವಭಾವ ತದ್ವಿರುದ್ಧ, ಹೊಸದೇನಿದ್ದರೂ ಬಂದು ಮೂಸುತ್ತದೆ. ಎರಡು ದಿನದಲ್ಲಿ ಬೀಳದಿದ್ದರೆ ಬೋನಿನ ಜಾಗ ಬದಲಿಸಿ.

ಅಂಟಿನ ಹಲಗೆ ಬೇಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಿಕ್ಕಿಬಿದ್ದ ಪ್ರಾಣಿ ಗಂಟೆಗಟ್ಟಲೆ ಒದ್ದಾಡುತ್ತದೆ. ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಸಾಮಾನ್ಯ ಜನ ಅದನ್ನು ಬಳಸುವಂತೆಯೇ ಇಲ್ಲ.

ಪ್ಲಗ್ಗಿಗೆ ಹಾಕುವ ಅಲ್ಟ್ರಾಸಾನಿಕ್ ಯಂತ್ರ ಕೊಳ್ಳಬಹುದೇ? ಅಥವಾ ಬೆಕ್ಕು ಸಾಕಿದರೆ ಸಾಕೇ?

ಯಂತ್ರಕ್ಕೆ ದುಡ್ಡು ಹಾಕಬೇಡಿ. ಅದು ಹೊರಡಿಸುವ, ನಮ್ಮ ಕಿವಿಗೆ ಕೇಳದ ಶಬ್ದ ಕಪಾಟು, ಸೋಫಾ ದಾಟಿ ಹೋಗುವುದಿಲ್ಲ, ಇಲಿಗಳೂ ಬೇಗ ಒಗ್ಗಿಕೊಳ್ಳುತ್ತವೆ. 2001ರಲ್ಲೇ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರ ತಯಾರಿಸುವ ಮತ್ತು ಮಾರುವ 60ಕ್ಕೂ ಹೆಚ್ಚು ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ನೀವು ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂಬುದು ಅದರ ತಿರುಳು.

ಬೆಕ್ಕು ಸುಂಡಿಲಿ ಹಿಡಿಯುತ್ತದೆ. ಬೆಳೆದ ದೊಡ್ಡ ಇಲಿಯ ತಂಟೆಗೆ ಹೋಗುವುದು ಅಪರೂಪ. ನ್ಯೂಯಾರ್ಕಿನ ಒಂದು ಕಸ ವಿಂಗಡಣೆ ಕೇಂದ್ರದಲ್ಲಿ ಸಂಶೋಧಕರು 79 ದಿನ ಕ್ಯಾಮೆರಾ ಇಟ್ಟು ನೋಡಿದ್ದರು. ಆ ವಿಡಿಯೊಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಈ ವರದಿ 2018ರಲ್ಲಿ ಬಂತು. ಬೆಕ್ಕನ್ನು ಪ್ರೀತಿಯಿಂದ ಸಾಕಿ, ಇಲಿಯ ಕೆಲಸ ಅದಕ್ಕೆ ವಹಿಸಬೇಡಿ.

ನಮ್ಮದು ಪ್ಯಾಕ್ ಮಾಡಿದ ತಿಂಡಿಗಳ ಗೋದಾಮು. ಪೆಸ್ಟ್ ಕಂಟ್ರೋಲ್‌ನವರು ತಿಂಗಳಿಗೊಮ್ಮೆ ಬರುತ್ತಾರೆ. ಆದರೂ ಪೆಟ್ಟಿಗೆ ಕಡಿಯುವುದು ನಿಂತಿಲ್ಲ. ಅವರನ್ನು ಬದಲಿಸಬೇಕೇ?

ಬದಲಿಸುವ ಮೊದಲು ಅವರ ದಾಖಲೆ ಪುಸ್ತಕ ತೆರೆದು ನೋಡಿ. ಪ್ರತಿ ಬೋನಿಗೂ ಒಂದು ಸಂಖ್ಯೆ, ಅದು ಎಲ್ಲಿದೆ ಎಂಬ ನಕ್ಷೆ, ಯಾವ ದಿನ ಎಲ್ಲಿ ಏನು ಸಿಕ್ಕಿತು ಎಂಬ ವಿವರ ಇದೆಯೇ? ಬರೀ ದಿನಾಂಕ ಮತ್ತು ಸಹಿ ಇದ್ದರೆ ಅವರು ಡಬ್ಬಿ ತುಂಬಿ ಹೋಗುತ್ತಿದ್ದಾರೆ, ನಿಮ್ಮ ಗೋದಾಮನ್ನು ನೋಡುತ್ತಿಲ್ಲ. ನಾಲ್ಕು ತಿಂಗಳಿಂದ ಒಂದೇ ಮೂಲೆಯಲ್ಲಿ ಇಲಿ ಬೀಳುತ್ತಿದ್ದರೆ ಆ ಮೂಲೆಯಲ್ಲೇ ದಾರಿ ಇದೆ ಎಂದರ್ಥ, ಅಲ್ವಾ?

ಉಳಿದದ್ದು ನಿಮ್ಮ ಕೈಯಲ್ಲಿದೆ. ಗೋಡೆಯಿಂದ ಸುಮಾರು 45 ಸೆಂ.ಮೀ. ಬಿಟ್ಟು ಸರಕು ಜೋಡಿಸಿ. ನೆಲದಿಂದ 15 ಸೆಂ.ಮೀ. ಎತ್ತರದಲ್ಲಿಡಿ. ಗೋಡೆ ಬದಿಯ ಆ ಖಾಲಿ ಪಟ್ಟಿಗೆ ಬಿಳಿ ಬಣ್ಣ ಬಳಿಯಿರಿ. ಬಿಳಿ ನೆಲದ ಮೇಲೆ ಒಂದೇ ಒಂದು ಹಿಕ್ಕೆ ಬಿದ್ದರೂ ಬೆಳಗ್ಗೆ ಎದ್ದು ಕಾಣುತ್ತದೆ. ಹಳೇ ಸರಕು ಮೊದಲು ಹೊರಗೆ ಹೋಗಲಿ, ಆರು ತಿಂಗಳು ಅಲುಗಾಡದ ಪೆಟ್ಟಿಗೆಯ ಹಿಂದೆಯೇ ಗೂಡು ಇರುವುದು. ಸಂಜೆ ಲೋಡಿಂಗ್ ಹೊತ್ತಿನಲ್ಲಿ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಗಮನಿಸಿ. ಸುಂಡಿಲಿ ಎಷ್ಟೋ ಸಲ ಬರುವುದೇ ಬಂದ ಪೆಟ್ಟಿಗೆಗಳ ಒಳಗೆ. ಅದಕ್ಕೆ ಇಳಿಸುವ ಜಾಗದಲ್ಲೇ ತಪಾಸಣೆ ಆಗಲಿ. ವಿಷವನ್ನು ಗೋದಾಮಿನ ಒಳಗೆ ಬಿಡಿಯಾಗಿ ಚೆಲ್ಲಿಸಲೇಬೇಡಿ. ಹೊರಗೋಡೆಯ ಸುತ್ತ ಬೀಗ ಹಾಕಿದ ಡಬ್ಬಿಯಲ್ಲಿ ವಿಷ, ಒಳಗೆ ಬರೀ ಬೋನು. ವಿದ್ಯುತ್ ಪ್ಯಾನೆಲ್ ಕೋಣೆಯನ್ನು ಮರೆಯಬೇಡಿ, ಕಡಿದ ವೈರಿನಿಂದ ಬೆಂಕಿ ಹೊತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. "ಸಾರ್, ಅಲ್ಲಿ ಹಿಕ್ಕೆ ನೋಡಿದೆ" ಎಂದು ಬಂದು ಹೇಳುವ ಕೆಲಸಗಾರನನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಆತ ಗುಡಿಸಿ ಸುಮ್ಮನಾಗುತ್ತಾನೆ, ನಿಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪಕ್ಕದವರ ಜೊತೆ ಗೋಡೆಯೋ ಫಾಲ್ಸ್ ಸೀಲಿಂಗೋ ಒಂದೇ ಆಗಿದ್ದರೆ ಅವರನ್ನೂ ಸೇರಿಸಿಕೊಂಡು ಒಟ್ಟಿಗೆ ಮಾಡಿ.

ಮುಚ್ಚಿಟ್ಟಿದ್ದ ಕೋಣೆ ತೆರೆದರೆ ತುಂಬಾ ಹಿಕ್ಕೆ. ಹೇಗೆ ಸ್ವಚ್ಛ ಮಾಡಲಿ?

ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಒಣಗಿದ ಹಿಕ್ಕೆಯ ದೂಳು ಉಸಿರಿನ ಜೊತೆ ಒಳಗೆ ಹೋದರೆ ಹಂಟಾವೈರಸ್ ಸೋಂಕು ತಗುಲಬಹುದು. ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಹೊರಗಿರಿ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ನೆನೆಯುವಂತೆ ಸಿಂಪಡಿಸಿ. ಐದು ನಿಮಿಷ ಬಿಟ್ಟು ಪೇಪರಿನಲ್ಲಿ ಒರೆಸಿ ತೆಗೆಯಿರಿ. ಬ್ಲೀಚ್ ಜೊತೆ ಆಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಸತ್ತ ಇಲಿಯನ್ನೂ ಹೀಗೇ ನೆನೆಸಿ, ಎರಡು ಚೀಲದಲ್ಲಿ ಕಟ್ಟಿ ಹಾಕಿ.

ಇಲಿ ಜ್ವರ ಹರಡುವುದು ಮೂತ್ರದಿಂದ. ಗಾಯವಿರುವ ಕೈಕಾಲಿಗೆ ಇಲಿಯ ಮೂತ್ರ ಬೆರೆತ ನೀರು ತಾಗಿದರೆ ಸಾಕು. ಎರಡು ದಿನದಿಂದ ಒಂದು ತಿಂಗಳ ಒಳಗೆ ಜ್ವರ, ಮೈಕೈ ನೋವು ಬಂದರೆ ಇಲಿಗಳಿದ್ದ ಜಾಗ ಸ್ವಚ್ಛ ಮಾಡಿದ್ದನ್ನು ವೈದ್ಯರಿಗೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಅದು ಹೊಳೆಯದಿರಬಹುದು.

ಮಗು ಇಲಿ ಪಾಷಾಣ ಬಾಯಿಗೆ ಹಾಕಿಕೊಂಡಿರಬಹುದು ಎಂಬ ಅನುಮಾನ. ಆದರೆ ಆಟವಾಡುತ್ತಾ ಚೆನ್ನಾಗೇ ಇದೆ. ಕಾದು ನೋಡಬಹುದೇ?

ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ವಿಷದ ಕೇಕ್‌ಗಳಲ್ಲಿರುವ ಬ್ರೊಮಾಡಿಯೊಲೋನ್ ಥರದ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಅದರ ಪರಿಣಾಮ ಕಾಣಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದಿದೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ (ಫಾಸ್ಫರಸ್) ಪೇಸ್ಟ್ ಆಗಿದ್ದರೆ ಇನ್ನೂ ಅವಸರ. ಮೊದಲ ಒಂದೆರಡು ದಿನ ಆರಾಮಾಗಿದ್ದಂತೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಯಾವ ವಿಷ ಎಂಬುದರ ಮೇಲೆ ಚಿಕಿತ್ಸೆ ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಪೊಟ್ಟಣ ಅಥವಾ ಟ್ಯೂಬ್ ಕಸದ ಬುಟ್ಟಿಯಲ್ಲಿದ್ದರೂ ತೆಗೆದು ಜೊತೆಗೆ ಒಯ್ಯಿರಿ. ಸಾಕಿದ ನಾಯಿ, ಬೆಕ್ಕು ತಿಂದಿದ್ದರೂ ಹೀಗೇ, ಅದೇ ಪೊಟ್ಟಣದ ಸಮೇತ ಪಶುವೈದ್ಯರ ಬಳಿಗೆ ಹೋಗಿ.