ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಕೊಳ್ಳುವ ಮುನ್ನ ನೋಡಬೇಕಾದದ್ದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು 2016ರಲ್ಲಿ ಕೊಂಡ ಲ್ಯಾಪ್‌ಟಾಪ್; ಐದನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿ ಟ್ಯಾಲಿ ತೆರೆಯುವಷ್ಟರಲ್ಲಿ ಲಾರಿಯವರು ಬಿಲ್ಲಿಗಾಗಿ ಕಾದು ನಿಂತಿರುತ್ತಾರೆ. ಒಬ್ಬ ಅಂಗಡಿಯವರು ಹೊಸ ಲ್ಯಾಪ್‌ಟಾಪನ್ನೇ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಎಸ್‌ಡಿ ಹಾಕಿಸಿದರೆ ಸಾಕು ಎನ್ನುತ್ತಾರೆ. ಸೆಕೆಂಡಿಗೆ 7,000 ಎಂಬಿ ವೇಗದ ಎಸ್‌ಎಸ್‌ಡಿಯ ಜಾಹೀರಾತನ್ನೂ ನೋಡಿದ್ದೇನೆ. ಯಾವುದನ್ನು ತೆಗೆದುಕೊಳ್ಳಲಿ?
— ಗಿರಣಿಯ ಗುಮಾಸ್ತರು, ಸಿಂಧನೂರು

ಉತ್ತರ: ಎರಡನೆಯ ಅಂಗಡಿಯವರ ಮಾತು ಬಹುಮಟ್ಟಿಗೆ ಸರಿ. ಎಸ್‌ಎಸ್‌ಡಿ ಎಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಸಾಧನ. ಆದರೆ ಹಣ ಕೊಡುವ ಮೊದಲು, ತೊಂದರೆ ಇರುವುದು ಡಿಸ್ಕಿನಲ್ಲೇ ಎಂಬುದನ್ನು ನೀವೇ ಕಣ್ಣಾರೆ ನೋಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಟ್ಯಾಲಿ ತೆರೆಯುತ್ತಿರುವ ಹೊತ್ತಿನಲ್ಲಿ ಅದರ ಡಿಸ್ಕ್ ಕಾಲಂ ನಿಮಿಷಗಟ್ಟಲೆ ನೂರಕ್ಕೆ ನೂರು ತೋರಿಸುತ್ತಾ, ಸಿಪಿಯು ಕಾಲಂ ಇಪ್ಪತ್ತು ಮೂವತ್ತರಲ್ಲೇ ಉಳಿದಿದ್ದರೆ, ಪ್ರೊಸೆಸರ್ ಕೆಲಸವಿಲ್ಲದೆ ಡಿಸ್ಕಿಗಾಗಿ ಕಾಯುತ್ತಿದೆ ಎಂದೇ ಅರ್ಥ. ಮೆಮೊರಿ ಕಾಲಂ ಕೂಡ ತೊಂಬತ್ತರ ಮೇಲಿದ್ದರೆ ರ್ಯಾಮ್ ಸಹ ಸಾಲುತ್ತಿಲ್ಲ.

ಹಾರ್ಡ್ ಡಿಸ್ಕ್ ಹೀಗೇಕೆ ಹಿಂದೆ ಬೀಳುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಆಯ್ಕೆ ಸುಲಭವಾಗುತ್ತದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು; ಮುಳ್ಳು ತಾನೇ ಆ ಜಾಗಕ್ಕೆ ಸರಿಯಲು ಇನ್ನಷ್ಟು ಹೊತ್ತು ಬೇಕು. ಆದ್ದರಿಂದ ಚದುರಿಬಿದ್ದ ಸಣ್ಣ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟೂ ಓದಲಾರದು. ವಿಂಡೋಸ್ ಶುರುವಾಗುವಾಗ, ಟ್ಯಾಲಿ ತೆರೆಯುವಾಗ ನಡೆಯುವುದು ಇಂಥ ಸಾವಿರಾರು ಸಣ್ಣ ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದೇ ಕೆಲಸಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಸಾಕು. ನೀವು ಅನುಭವಿಸಲಿರುವ ವೇಗ ಬರುವುದು ಇಲ್ಲಿಂದಲೇ ಹೊರತು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಸಂಖ್ಯೆಯಿಂದಲ್ಲ.

ಆ 7,000ದ ಎಸ್‌ಎಸ್‌ಡಿ ಎಂ.2 ಎಂಬ ಪಟ್ಟಿಯಾಕಾರದ್ದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಕೂರಿಸುವ ಜಾಗವೇ ಇರುವುದು ಅಪರೂಪ. ನಿಮಗೆ ಬೇಕಾದದ್ದು ಎರಡೂವರೆ ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ಅದು ಸಾಟಾ ಸಂಪರ್ಕದ್ದೇ ಮಿತಿಯಾದ್ದರಿಂದ ಎಲ್ಲ ಕಂಪನಿಗಳ ಡಬ್ಬಿಯ ಮೇಲೂ ಹೆಚ್ಚುಕಡಿಮೆ ಅದೇ ಅಂಕಿ ಇರುತ್ತದೆ. ಹಾಗಾಗಿ ವೇಗವನ್ನು ಬಿಟ್ಟು ಬೇರೆ ಮೂರು ವಿಷಯಗಳನ್ನು ಕೇಳಿ. ಒಳಗಿನ ಫ್ಲ್ಯಾಶ್ ಚಿಪ್ಪು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬುದು ಮೊದಲನೆಯದು. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ, ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿಗಿಂತ ಬರವಣಿಗೆಯ ಸವೆತವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ತನ್ನದೇ ಡಿರ್ಯಾಮ್ (ವೇಗದ ತಾತ್ಕಾಲಿಕ ಮೆಮೊರಿ) ಇದೆಯೇ ಎಂಬುದು ಎರಡನೆಯದು. ಯಾವ ಮಾಹಿತಿ ಎಲ್ಲಿದೆ ಎಂಬ ಸೂಚಿಯನ್ನು ಅದು ಅಲ್ಲಿಟ್ಟುಕೊಳ್ಳುತ್ತದೆ. ಇದ್ದರೆ ಒಳ್ಳೆಯದು, ಬೆಲೆ ತೀರಾ ಹೆಚ್ಚಾದರೆ ನಿಮ್ಮ ಕೆಲಸಕ್ಕೆ ಇಲ್ಲದೆಯೂ ನಡೆಯುತ್ತದೆ. ಮೂರನೆಯದು ವಾರಂಟಿ. ಮೂರು ಅಥವಾ ಐದು ವರ್ಷದ ವಾರಂಟಿ ಇರುವ, ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಪರೀಕ್ಷಿಸಿಕೊಳ್ಳಬಹುದಾದ ಹೆಸರಾಂತ ಕಂಪನಿಯದನ್ನೇ ಆರಿಸಿ, ಜಿಎಸ್‌ಟಿ ಬಿಲ್ಲಿನಲ್ಲಿ ಆ ನಂಬರನ್ನು ಬರೆಸಿಕೊಳ್ಳಿ. ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿಗೆ ಗಿರಣಿಯ ಲೆಕ್ಕವನ್ನು ಒಪ್ಪಿಸಬೇಡಿ. ಈ ಒಂದು ಮಾತನ್ನು ಒತ್ತಿ ಹೇಳುತ್ತೇನೆ.

ಬರೆದು ಬರೆದು ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಒಳ್ಳೆಯ 500 ಜಿಬಿ ಟಿಎಲ್‌ಸಿ ಎಸ್‌ಎಸ್‌ಡಿಯೊಂದಕ್ಕೆ 300 ಟಿಬಿ ಬರವಣಿಗೆಯ ಖಾತರಿ ಕೊಡುವವರಿದ್ದಾರೆ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 15,000 ದಿನ, ಅಂದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಿಲ್ಲು ಬರೆಯುವ ಲ್ಯಾಪ್‌ಟಾಪ್ ಅದರಲ್ಲಿ ಅರ್ಧವನ್ನೂ ಬರೆಯುವುದಿಲ್ಲ. ಗಾತ್ರಕ್ಕೆ ಬಂದರೆ, 240 ಜಿಬಿಯಲ್ಲೂ ನಿಮ್ಮ ಕೆಲಸ ಸಾಗುತ್ತದೆ. ಆದರೂ ಕಾಲು ಭಾಗವನ್ನು ಸದಾ ಖಾಲಿ ಬಿಡುವುದು ಒಳ್ಳೆಯದಾದ್ದರಿಂದ 480 ಅಥವಾ 500ರದ್ದು ಮೇಲು. ವಿಂಡೋಸಿನಲ್ಲಿ 500 ಜಿಬಿ ಎಂಬುದು 465 ಎಂದೇ ಕಾಣುತ್ತದೆ. ಎಣಿಸುವ ಕ್ರಮ ಬೇರೆಯಾದ್ದರಿಂದ ಹೀಗಾಗುತ್ತದೆಯೇ ಹೊರತು ಅಂಗಡಿಯವರು ಮೋಸ ಮಾಡಿದ್ದಾರೆಂದಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಬದಲಾಯಿಸುವ ದಿನ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಡಿಸ್ಕನ್ನು ಪರೀಕ್ಷಿಸಿ. 05 ಮತ್ತು ಸಿ5 ಎಂಬ ಸಾಲುಗಳಲ್ಲಿ ಸೊನ್ನೆಯಲ್ಲದೆ ಬೇರೆ ಅಂಕಿ ಇದ್ದು ಹಳದಿ ಬಣ್ಣ ಕಂಡರೆ ಡಿಸ್ಕ್ ಕೆಡತೊಡಗಿದೆ ಎಂದು ತಿಳಿದು, ಎಸ್‌ಎಸ್‌ಡಿ ಬರುವುದನ್ನು ಕಾಯದೆ ಅಂದೇ ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಟ್ಯಾಲಿಯ ಲೈಸೆನ್ಸ್ ಯಂತ್ರಕ್ಕೆ ಕಟ್ಟುಬಿದ್ದಿರುವುದರಿಂದ ಮೊದಲು ಅದನ್ನು ಸರೆಂಡರ್ ಮಾಡಿ, ಹೊಸ ಎಸ್‌ಎಸ್‌ಡಿಯಲ್ಲಿ ಮತ್ತೆ ಆಕ್ಟಿವೇಟ್ ಮಾಡಬೇಕು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಪತ್ರಗಳಿದ್ದರೆ ಆ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಅವಿಲ್ಲದಿದ್ದರೆ ಹಳೆಯ ಕಡತಗಳು ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಸೇರಿದ್ದಾದ್ದರಿಂದ ಡಿಸ್ಕ್ ಬದಲಾದರೂ ಅದು ಹೋಗುವುದಿಲ್ಲ.

ಹಿಂಬದಿಯ ಮುಚ್ಚಳ ತೆಗೆಸಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಗಿರಣಿಯ ಲ್ಯಾಪ್‌ಟಾಪಿನ ಫ್ಯಾನಿನ ಹಿಂದೆ, ಗಾಳಿ ಹೊರಹೋಗುವ ತೆಳುವಾದ ಲೋಹದ ಪದರಗಳ ನಡುವೆ, ತೌಡಿನ ಧೂಳು ಕಂಬಳಿಯಂತೆ ಕಟ್ಟಿಕೊಂಡಿರುತ್ತದೆ. ಅದನ್ನು ಅಂದೇ ತೆಗೆಸಿ. ಹಾರ್ಡ್ ಡಿಸ್ಕ್ ಒಂದು ತಗಡಿನ ಚೌಕಟ್ಟಿಗೆ ಸಣ್ಣ ಸ್ಕ್ರೂಗಳಿಂದ ಬಿಗಿದಿರುತ್ತದೆ. ಆ ಚೌಕಟ್ಟನ್ನು ಕಳಚಿ ಎಸ್‌ಎಸ್‌ಡಿಗೆ ಹಾಕಿದರೆ ಅದು ಅಲುಗಾಡದೆ ಕೂರುತ್ತದೆ. ಚೌಕಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಹಳೆಯ ಡಿಸ್ಕನ್ನು ಕೊಟ್ಟೂ ಬರಬೇಡಿ. ಅದರಲ್ಲಿ ನಿಮ್ಮ ಗಿರಾಕಿಗಳ ಲೆಕ್ಕವಿದೆ. ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿನಲ್ಲಿ ಹಾಕಿಸಿ ಬ್ಯಾಕಪ್‌ಗೆ ಬಳಸಿಕೊಳ್ಳಿ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಐದನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಈ ಲ್ಯಾಪ್‌ಟಾಪಿನ ಮೇಲೆ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ್ಯಾಮಿಗಿಂತ ಹೆಚ್ಚು ಖರ್ಚು ಮಾಡುವುದನ್ನು ನಾನು ಒಪ್ಪುವುದಿಲ್ಲ. ಎಸ್‌ಎಸ್‌ಡಿಗೆ ಹಾಕಿದ ಹಣ ಮಾತ್ರ ವ್ಯರ್ಥವಾಗದು. ನಾಳೆ ಅದನ್ನು ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಗೆ ಘಟಕ. 2020ರ ಲ್ಯಾಪ್‌ಟಾಪಿನಲ್ಲಿ 256 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದು, ಮಾದರಿಗಳ ಫೋಟೊ ಮತ್ತು ವಿನ್ಯಾಸದ ಕಡತಗಳಿಂದ ತುಂಬಿಹೋಗಿದೆ. 1 ಟಿಬಿಯದು ಹಾಕಿಸಬೇಕು. ಜೆನ್ 3, ಜೆನ್ 4 ಎಂದರೇನು, ಯಾವುದು ಸರಿ?
— ಓದುಗರು, ಬಳ್ಳಾರಿ

ಉತ್ತರ: ಮೊದಲು ಕೈಪಿಡಿಯಲ್ಲೋ ಮುಚ್ಚಳ ತೆಗೆಸಿಯೋ ಎರಡನೇ ಸ್ಲಾಟ್ ಇದೆಯೇ ಎಂದು ನೋಡಿ, ಇದ್ದರೆ ಹಳೆಯದನ್ನು ಮುಟ್ಟದೆ ಹೊಸದನ್ನು ಪಕ್ಕಕ್ಕೆ ಸೇರಿಸಿದರಾಯಿತು. ಎನ್‌ವಿಎಂಇ ಎಂದರೆ ಸಾಟಾಗಿಂತ ವೇಗದ ಸಂಪರ್ಕ ಬಳಸುವ ಎಸ್‌ಎಸ್‌ಡಿ; ಜೆನ್ 3, ಜೆನ್ 4 ಎಂಬುವು ಆ ಸಂಪರ್ಕದ ಮೂರನೇ, ನಾಲ್ಕನೇ ತಲೆಮಾರುಗಳು. ಜೆನ್ 3 ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 3,500 ಎಂಬಿಯವರೆಗೆ, ಜೆನ್ 4ರದ್ದು ಸುಮಾರು 7,000ದವರೆಗೆ. ಜೆನ್ 4ರದ್ದನ್ನು ಜೆನ್ 3 ಸ್ಲಾಟಿಗೆ ಹಾಕಿದರೆ ಕೆಡುವುದಿಲ್ಲ, ಆದರೆ ಜೆನ್ 3ರ ವೇಗಕ್ಕೇ ನಿಲ್ಲುತ್ತದೆ. ಬೆಲೆ ಒಂದೇ ಇದ್ದರೆ ಜೆನ್ 4 ತೆಗೆದುಕೊಳ್ಳಿ, ಹೆಚ್ಚಿದ್ದರೆ ಬೇಡ.

ಅಂಗಡಿಯಲ್ಲಿ ತಪ್ಪು ನಡೆಯುವುದು ಇನ್ನೊಂದು ಕಡೆ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಸಿಗುತ್ತದೆ. ಚಿನ್ನದ ಬಣ್ಣದ ಹಲ್ಲುಗಳಿರುವ ತುದಿಯಲ್ಲಿ ಒಂದೇ ಕಚ್ಚು ಇದ್ದರೆ ಅದು ಸಾಮಾನ್ಯವಾಗಿ ಎನ್‌ವಿಎಂಇ, ಎರಡಿದ್ದರೆ ಹೆಚ್ಚಾಗಿ ಸಾಟಾ. ಎರಡು ಕಚ್ಚಿನದು ನಿಮ್ಮ ಸ್ಲಾಟಿನಲ್ಲಿ ಸರಿಯಾಗಿಯೇ ಕೂರಬಹುದು, ಆದರೆ ಸ್ಲಾಟಿಗೆ ಸಾಟಾ ಬೆಂಬಲವಿಲ್ಲದಿದ್ದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಉದ್ದವನ್ನೂ ಅಳೆಯಿರಿ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, 2242 ಎಂದರೆ 42 ಮಿಲಿಮೀಟರ್ ಉದ್ದ. ಡಿರ್ಯಾಮ್ ಇಲ್ಲದ ಎನ್‌ವಿಎಂಇ ಲ್ಯಾಪ್‌ಟಾಪಿನ ರ್ಯಾಮಿನಲ್ಲೇ ಸ್ವಲ್ಪ ಜಾಗವನ್ನು ಎರವಲು ಪಡೆಯಬಲ್ಲದು, ಸಾಟಾಗೆ ಆ ಅನುಕೂಲವಿಲ್ಲ. ಆದ್ದರಿಂದ ಇಲ್ಲಿ ಡಿರ್ಯಾಮ್ ಬಗ್ಗೆ ಹೆಚ್ಚು ಚಿಂತೆ ಬೇಡ. ಕ್ಯೂಎಲ್‌ಸಿಯನ್ನು ಮಾತ್ರ ನಿಮಗೆ ಸೂಚಿಸಲಾರೆ. ನೂರಾರು ಜಿಬಿ ಫೋಟೊಗಳನ್ನು ಒಮ್ಮೆಲೇ ನಕಲು ಮಾಡುವಾಗ ಅದರ ವೇಗದ ಮೀಸಲು ಜಾಗ ತುಂಬಿ, ಬರವಣಿಗೆ ಹಾರ್ಡ್ ಡಿಸ್ಕಿನ ಮಟ್ಟಕ್ಕೂ ಇಳಿಯಬಹುದು.

ಒಂದೇ ಸ್ಲಾಟ್ ಇದ್ದರೆ ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಎನ್‌ವಿಎಂಇ ಕೇಸಿನಲ್ಲಿಟ್ಟು ಹಳೆಯದರ ಪೂರ್ಣ ನಕಲು ತೆಗೆದು, ಆಮೇಲೆ ಒಳಗೆ ಕೂರಿಸಬೇಕು. ಅದಕ್ಕೂ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀಲಿಯಿಲ್ಲದೆ ಬೀಗ ಬಿದ್ದ ಕಡತಗಳನ್ನು ಯಾರೂ ತೆರೆದುಕೊಡಲಾರರು.

ಪ್ರಶ್ನೆ: ನಮ್ಮೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಎಸ್‌ಎಸ್‌ಡಿ ಈ ಬಿಸಿಯನ್ನು ತಡೆಯುತ್ತದೆಯೇ? ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಕೆಟ್ಟಿದ್ದು, ನೇರ ಕರೆಂಟಿನಲ್ಲೇ ಓಡಿಸುತ್ತಿದ್ದೇನೆ.
— ಪದವಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಬಿಸಿಯ ಚಿಂತೆ ಬೇಡ. ಬಳಕೆಯಲ್ಲಿರುವಾಗ 70 ಡಿಗ್ರಿಯವರೆಗೆ ಎಂದು ಹೆಚ್ಚಿನ ತಯಾರಕರೇ ಬರೆದಿರುತ್ತಾರೆ. ಅದಕ್ಕೂ ಹೆಚ್ಚು ಕಾದರೆ ಎನ್‌ವಿಎಂಇ ಎಸ್‌ಎಸ್‌ಡಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ನನಗೆ ಆತಂಕವಾಗುವುದು ನಿಮ್ಮ ಬ್ಯಾಟರಿಯ ವಿಷಯದಲ್ಲಿ. ಎಸ್‌ಎಸ್‌ಡಿ ಬರೆಯುತ್ತಿರುವಾಗ ಕರೆಂಟ್ ಥಟ್ಟನೆ ಹೋದರೆ ತೆರೆದಿಟ್ಟ ಕಡತ ಹಾಳಾಗಬಹುದು, ಕೆಲವೊಮ್ಮೆ ವಿಂಡೋಸೇ ಏಳದಿರಬಹುದು. ಎಸ್‌ಎಸ್‌ಡಿಯಿಂದ ಅಳಿದುಹೋದದ್ದನ್ನು ಮರಳಿ ಪಡೆಯುವುದು ಹಾರ್ಡ್ ಡಿಸ್ಕಿಗಿಂತ ಕಷ್ಟ. ಈಗ ಕೈಯಲ್ಲಿರುವ ಹಣ ಎರಡಕ್ಕೂ ಸಾಲದಿದ್ದರೆ ಮೊದಲು ಬ್ಯಾಟರಿ ಹಾಕಿಸಿ, ಎಸ್‌ಎಸ್‌ಡಿಯನ್ನು ಆಮೇಲೆ ಕೊಳ್ಳಿ.