ಕಾನೂನು ಬದಲಾದ ಮೇಲೂ ಮೆರವಣಿಗೆ ಏಕೆ?

(ಸಲಿಂಗಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಬೆಂಗಳೂರಿನಲ್ಲಿ ನಡೆಸುವ ‘ನಮ್ಮ ಪ್ರೈಡ್’ ಮೆರವಣಿಗೆಯ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಚಿತ್ರ-ಲೇಖನವನ್ನು ಓದಿ ಬ್ರಹ್ಮಾವರದ ಹಿರಿಯ ಓದುಗರೊಬ್ಬರು, ನಿವೃತ್ತ ಅಧ್ಯಾಪಕರು, ದೀರ್ಘ ಪತ್ರ ಬರೆದಿದ್ದಾರೆ. ಸಲಿಂಗಿಗಳ ಮೇಲೆ ತಮಗೆ ದ್ವೇಷವಿಲ್ಲ, ಆದರೆ ಸುಪ್ರೀಂ ಕೋರ್ಟು 2018ರಲ್ಲೇ ಅವರನ್ನು ಅಪರಾಧದಿಂದ ಮುಕ್ತಗೊಳಿಸಿರುವಾಗ ಮತ್ತೆ ಬೀದಿಗಿಳಿಯುವ ಅಗತ್ಯವೇನು, ಖಾಸಗಿ ಸಂಗತಿಯನ್ನು ಬಣ್ಣದ ಬಾವುಟ ಹಿಡಿದು ಸಾರುವುದೇಕೆ, ಯಕ್ಷಗಾನದ ಸ್ತ್ರೀವೇಷವನ್ನು ತಲೆಮಾರುಗಳಿಂದ ಗೌರವಿಸಿದ ನಮ್ಮ ನಾಡಿಗೆ ಅಮೆರಿಕದ ಹಬ್ಬ ಬೇಕೇ, ಇಂಥದ್ದು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಹೊಂದುತ್ತದೆಯೇ ಎಂದು ಕೇಳಿದ್ದಾರೆ.)

ಮಾನ್ಯರೇ,

ತಮ್ಮ ಪತ್ರದಲ್ಲಿ ಕೋಪಕ್ಕಿಂತ ಕಳವಳವೇ ಹೆಚ್ಚಾಗಿ ಕಂಡಿತು. ಆದ್ದರಿಂದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಖಾಸಗಿ ಸಂಗತಿ ಬೀದಿಗೇಕೆ ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಮದುವೆ ಎಷ್ಟು ಸಾರ್ವಜನಿಕವಾದದ್ದು ಎಂಬುದು ತಮಗೆ ತಿಳಿಯದ್ದಲ್ಲ. ಕರೆಯೋಲೆ ಅಚ್ಚು ಹಾಕಿಸಿ, ಬಂಧುಬಳಗಕ್ಕೆಲ್ಲ ಹಂಚಿ, ಸಭಾಭವನದ ದ್ವಾರದಲ್ಲಿ ವಧೂವರರ ಹೆಸರನ್ನು ಹೂವಿನಲ್ಲಿ ಬರೆಸಿ, ಊರಿಗೆಲ್ಲ ಊಟ ಹಾಕಿ, ಇಬ್ಬರು ಇನ್ನು ಮುಂದೆ ಕೂಡಿ ಬಾಳುತ್ತಾರೆಂದು ನಾವು ಸಾರುತ್ತೇವೆ. ಅದನ್ನು ಮಲಗುವ ಕೋಣೆಯ ವಿಷಯವೆಂದು ಯಾರೂ ಭಾವಿಸುವುದಿಲ್ಲ. ಭಕ್ತಿಯೂ ಅಂತರಂಗಕ್ಕೆ ಸೇರಿದ್ದೇ. ಆದರೂ ಮಂಗಳೂರು ದಸರಾದ ಶೋಭಾಯಾತ್ರೆ ಕುದ್ರೋಳಿಯಿಂದ ಹೊರಡುತ್ತದೆ, ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕೆಥೆಡ್ರಲ್‌ವರೆಗೆ ಪರಮಪ್ರಸಾದದ ಮೆರವಣಿಗೆ ಸಾಗುತ್ತದೆ, ಮೀಲಾದ್ ದಿನ ಮಕ್ಕಳು ಹಾಡುತ್ತ ನಡೆಯುತ್ತಾರೆ. ಇವರೆಲ್ಲ ತಮ್ಮ ದೇವರನ್ನು ಮನೆಯೊಳಗೇ ಇಟ್ಟುಕೊಳ್ಳಲಿ ಎಂದು ತಾವಾಗಲಿ ನಾನಾಗಲಿ ಹೇಳುವುದಿಲ್ಲ. ಬೀದಿಯಲ್ಲಿ ತಲೆಯೆತ್ತಿ ನಡೆಯುವುದೆಂದರೆ ತಾನೂ ಈ ಊರಿನವನು ಎಂದು ತೋರಿಸಿಕೊಳ್ಳುವುದು. ಪ್ರೈಡ್ ಮೆರವಣಿಗೆಯಲ್ಲಿ ನಡೆಯುವವರು ಕೇಳುವುದೂ ಅದನ್ನೇ, ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ.

ಹುಟ್ಟಿನಿಂದ ಬಂದದ್ದಕ್ಕೆ ‘ಪ್ರೈಡ್’, ಅಂದರೆ ಹೆಮ್ಮೆ, ಪಡುವುದೇನು ಎಂದೂ ತಾವು ಕೇಳಿದ್ದೀರಿ. ಹುಟ್ಟಿನಿಂದ ಬಂದದ್ದಕ್ಕೆ ನಾಚಿಕೆಪಡುವಂತೆ ಒಂದು ಸಮಾಜವೇ ಒತ್ತಾಯಿಸಿದಾಗ, ನಾಚುವುದಿಲ್ಲ ಎಂದು ಎಲ್ಲರೆದುರು ನಿಂತು ಹೇಳಬೇಕಾಗುತ್ತದೆ. ಚರಿತ್ರೆಯಲ್ಲಿ ಆದದ್ದೂ ಅದೇ. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿದ್ದ ಸ್ಟೋನ್‌ವಾಲ್ ಇನ್ ಎಂಬ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದರು. ಅಂತಹ ದಾಳಿಗಳು ಆ ಕಾಲದಲ್ಲಿ ಮಾಮೂಲಾಗಿದ್ದವು; ಸಿಕ್ಕಿಬಿದ್ದವರ ಹೆಸರು ಪತ್ರಿಕೆಯಲ್ಲಿ ಬಂದರೆ ನೌಕರಿಯೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಆ ರಾತ್ರಿ ಮಾತ್ರ ಜನ ತಿರುಗಿನಿಂತರು, ಪ್ರತಿಭಟನೆ ಹಲವು ದಿನ ನಡೆಯಿತು. ಮರುವರ್ಷ ಅದೇ ದಿನ ಆ ಬೀದಿಯಿಂದ ಸೆಂಟ್ರಲ್ ಪಾರ್ಕಿನವರೆಗೆ ಸಾವಿರಾರು ಮಂದಿ ನಡೆದದ್ದೇ ಇಂದಿನ ಪ್ರೈಡ್ ಮೆರವಣಿಗೆಗಳ ಮೂಲ. ತಾವು ಚಿತ್ರದಲ್ಲಿ ಕಂಡ ಕಾಮನಬಿಲ್ಲಿನ ಬಾವುಟ ಆಮೇಲಿನದು, 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಿಲ್ಬರ್ಟ್ ಬೇಕರ್ ರೂಪಿಸಿದ್ದು. ಹಬ್ಬದ ಮೂಲ ಅಮೆರಿಕದ್ದು ಎಂಬ ತಮ್ಮ ಮಾತು ಸರಿ. ಆದರೆ ನಮ್ಮವರನ್ನು ಅಪರಾಧಿಗಳನ್ನಾಗಿಸಿದ ಕಾನೂನೂ ಇಲ್ಲಿನದಾಗಿರಲಿಲ್ಲ, ಬ್ರಿಟಿಷರು 1860ರಲ್ಲಿ ಬರೆದಿಟ್ಟು ಹೋದದ್ದು.

ಭಾರತದಲ್ಲಿ ಮೊದಲ ನಡಿಗೆ ನಡೆದದ್ದು 1999ರ ಜುಲೈ 2ರಂದು, ಕೋಲ್ಕತ್ತದಲ್ಲಿ. ನಡೆದವರು ಹದಿನೈದು ಮಂದಿ. ಬೆಂಗಳೂರು ಮತ್ತು ದೆಹಲಿಗಳಲ್ಲಿ 2008ರಲ್ಲಿ ಆರಂಭವಾದಾಗ, ದೆಹಲಿಯ ಮೆರವಣಿಗೆಯಲ್ಲಿ ಹಲವರು ಮುಖವಾಡ ತೊಟ್ಟು ನಡೆದರು. ಬೀದಿಗೆ ಬಂದರೂ ಮುಖ ತೋರಿಸುವಂತಿರಲಿಲ್ಲ.

ಹೀಗೆ ಮುಖ ಮರೆಸಿಕೊಂಡು ಬದುಕಿದ್ದರ ಬೆಲೆ ಏನೆಂಬುದು ಐದು ವರ್ಷಗಳ ಬಳಿಕ ತಿಳಿಯಿತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಆ ಬ್ರಿಟಿಷ್ ಕಾನೂನು, ಅಂದರೆ ಭಾರತೀಯ ದಂಡ ಸಂಹಿತೆಯ (ಐಪಿಸಿ) 377ನೇ ಸೆಕ್ಷನ್, ಒಪ್ಪಿಗೆಯಿಂದ ಕೂಡುವ ವಯಸ್ಕರಿಗೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟು 2009ರಲ್ಲಿ ಹೇಳಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣಗಳನ್ನು ತಾವು ದಯವಿಟ್ಟು ಗಮನಿಸಬೇಕು. ಇವರು ದೇಶದ ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗ, ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಈ ಸೆಕ್ಷನ್‌ನಡಿ ಮೊಕದ್ದಮೆ ಎದುರಿಸಿದವರು ಇನ್ನೂರಕ್ಕೂ ಕಡಿಮೆ ಎಂಬುದು ಅವುಗಳಲ್ಲಿ ಒಂದು. ಜೀವಾವಧಿ ಶಿಕ್ಷೆಯ ಭಯದಿಂದ ಅಡಗಿ ಬದುಕಿದವರು ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಅಡಗುವಂತೆ ಮಾಡಿದ್ದೂ ಕಾನೂನು, ‘ಅಡಗಿದ್ದಾರೆ, ಆದ್ದರಿಂದ ಇಲ್ಲವೇ ಇಲ್ಲ’ ಎಂದು ಎಣಿಸಿದ್ದೂ ಅದೇ ಕಾನೂನಿನ ಕಟ್ಟೆ. ಮೌನವಾಗಿ, ಯಾರಿಗೂ ತೊಂದರೆ ಕೊಡದೆ ಇದ್ದುಬಿಟ್ಟರೆ ಸಮಾಜ ತಾನಾಗಿಯೇ ಒಪ್ಪುತ್ತದೆ ಎಂದು ತಾವು ಬರೆದಿದ್ದೀರಿ. ಮೌನವಾಗಿದ್ದವರಿಗೆ ಸಿಕ್ಕ ಉತ್ತರ ಆ ತೀರ್ಪು. ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಹಕ್ಕು ನಿರಾಕರಿಸಲಾಗದು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಖಾಸಗಿತನದ ತೀರ್ಪಿನಲ್ಲಿ ಹೇಳಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟರು. ಈ ಜನರಿಗೂ ಅವರ ಕುಟುಂಬದವರಿಗೂ ಚರಿತ್ರೆ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರ ಅಂದು ಬರೆದರು. ಕುಟುಂಬದವರನ್ನೂ ಅವರು ಸೇರಿಸಿದ್ದು ನನಗೆ ತುಂಬ ಮುಖ್ಯವಾಗಿ ತೋರುತ್ತದೆ.

ಅಲ್ಲಿಗೆ ಮುಗಿಯಲಿಲ್ಲವೇ ಎಂಬುದು ತಮ್ಮ ಮುಖ್ಯ ಪ್ರಶ್ನೆ. ನಮ್ಮ ಕಚೇರಿಗೆ ಬರುವ ಕೆಲವು ಪತ್ರಗಳ ಹೊರಗೆ ಕಳುಹಿಸಿದವರ ವಿಳಾಸವಿರುವುದಿಲ್ಲ. ತಮ್ಮೂರಿನ ಅಂಚೆ ಕಚೇರಿಯ ಮುದ್ರೆ ಬೀಳದಿರಲೆಂದು ಬೇರೆ ಊರಿಗೆ ಹೋಗಿ ಡಬ್ಬಿಗೆ ಹಾಕಿದ್ದೇನೆ ಎಂದು ಒಬ್ಬ ಯುವಕ ಬರೆದಿದ್ದ. ಮಣಿಪಾಲದ ಆಸುಪಾಸಿನಲ್ಲಿ ಗೆಳೆಯನೊಡನೆ ಬಾಡಿಗೆ ಮನೆಯಲ್ಲಿದ್ದಾನೆ, ಮನೆಯ ಮಾಲೀಕರಿಗೆ ಇಬ್ಬರೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಊರಿಗೆ ಹೋದಾಗಲೆಲ್ಲ ತಾಯಿ ಹೊಸ ಜಾತಕಗಳನ್ನು ತೆಗೆದು ಮುಂದಿಡುತ್ತಾರೆ. ಅವನು ನಕ್ಷತ್ರ ಕೂಡುವುದಿಲ್ಲವೆಂದೋ ಹುಡುಗಿ ದೂರದ ಊರಿನವಳೆಂದೋ ಏನಾದರೂ ನೆಪ ಹೇಳುತ್ತಾನೆ. ಇನ್ನೊಬ್ಬಾಕೆಯನ್ನು ಮನೆಯವರು ವೈದ್ಯರೊಬ್ಬರ ಬಳಿಗೆ ‘ಸರಿಪಡಿಸಲು’ ಕರೆದೊಯ್ದರು. ಸಲಿಂಗ ಒಲವು ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು ಬದಲಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಈ ಯಾವುದೂ ಆಕೆಯ ಮನೆಯ ಚಾವಡಿಯನ್ನು ತಲುಪಿರಲಿಲ್ಲ. ಕಾನೂನು ಪೊಲೀಸರನ್ನು ತಡೆದೀತು, ಅಪ್ಪ ಅಮ್ಮನ ಎದುರು ದಿನವೂ ಸುಳ್ಳು ಹೇಳಿ ಬದುಕುವುದನ್ನು ತಪ್ಪಿಸಲಾರದು. ಹೇಳದಿರುವುದು ಅವರವರ ಇಚ್ಛೆಯಾದರೆ ಅದು ಖಾಸಗಿತನ. ಹೇಳಿದರೆ ಹೊರಹಾಕಿಯಾರೆಂಬ ಭಯದಿಂದ ಬಾಯಿಮುಚ್ಚಿಕೊಂಡಿರುವುದನ್ನು ಹಾಗೆ ಕರೆಯಲು ನನಗೆ ಮನಸ್ಸು ಬಾರದು.

ಕಾನೂನಿನ ದಾರಿಯೂ ಪೂರ್ತಿ ಸವೆದಿಲ್ಲ. ಸಲಿಂಗ ಜೋಡಿಗಳ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ನಿರಾಕರಿಸಿ, ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂಬ ಸ್ಪಷ್ಟನೆ ಕೇಂದ್ರ ಹಣಕಾಸು ಸಚಿವಾಲಯದಿಂದ ಬಂದದ್ದು 2024ರ ಆಗಸ್ಟಿನಲ್ಲಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ನಮ್ಮ ಕರ್ನಾಟಕ, 2021ರಲ್ಲಿ. ಇವು ಯಾವುವೂ ಕೇಳದೆ ಬಂದವಲ್ಲ.

ಮೆರವಣಿಗೆಯಲ್ಲಿ ದೊಡ್ಡ ಕಂಪನಿಗಳ ಜಾಹೀರಾತು ಹೆಚ್ಚಾಗಿದೆ ಎಂಬ ತಮ್ಮ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಲಾಂಛನಕ್ಕೆ ಒಂದು ತಿಂಗಳು ಬಣ್ಣ ಬಳಿದು ಉಳಿದ ಹನ್ನೊಂದು ತಿಂಗಳು ಮರೆಯುವ ಸಂಸ್ಥೆಗಳಿಂದ ಈ ಜನರಿಗೆ ಉಪಕಾರವಿಲ್ಲ. ಕೆಲವರ ಉಡುಪು ತಮಗೆ ಮುಜುಗರ ತಂದಿದೆ. ಆದರೆ ಆ ಗುಂಪಿನಲ್ಲಿ ಹತ್ತಿಸೀರೆಯುಟ್ಟು, ಮಗನ ಕೈಹಿಡಿದು ನಡೆಯುತ್ತಿದ್ದ ತಾಯಿಯೊಬ್ಬರ ಚಿತ್ರವನ್ನೂ ನಾವು ಅಚ್ಚು ಮಾಡಿದ್ದೆವು. ಅದನ್ನು ಮತ್ತೊಮ್ಮೆ ನೋಡಬೇಕೆಂದು ಕೋರುತ್ತೇನೆ.

ಇನ್ನು ಯಕ್ಷಗಾನದ ಮಾತು. ಸ್ತ್ರೀವೇಷವನ್ನು ನಾವು ಗೌರವಿಸಿದ್ದೇವೆ, ನಿಜ. ಆದರೆ ಆ ಗೌರವ ಕಲೆಗೆ ಸಂದದ್ದು. ವೇಷಧಾರಿ ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆದು ಮನೆಗೆ ಹೋಗುತ್ತಾನೆ, ಅವನ ಬದುಕು ಬೇರೆ, ವೇಷ ಬೇರೆ. ಸ್ತ್ರೀವೇಷ ಮಾಡುವ ಹುಡುಗನ ನಡಿಗೆಯನ್ನೂ ದನಿಯನ್ನೂ ಹಗಲಿನಲ್ಲಿ ಗೇಲಿ ಮಾಡುವವರು ನಮ್ಮಲ್ಲಿ ಇಲ್ಲವೆಂದು ತಾವು ಹೇಳಲಾರಿರಿ. ರಂಗಸ್ಥಳದಲ್ಲಿ ಮೆಚ್ಚಿದ್ದನ್ನು ನೆರೆಮನೆಯಲ್ಲಿ ಸಹಿಸಿದ್ದೇವೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಮನೆಮಂದಿಯ ಪತ್ರಿಕೆಗೆ ಇದು ಹೊಂದುತ್ತದೆಯೇ ಎಂದರೆ, ಹೊಂದುತ್ತದೆ. ಏಕೆಂದರೆ ಇವರೂ ಮನೆಗಳಲ್ಲಿಯೇ ಹುಟ್ಟಿದವರು. ಇಂತಹ ಬರಹಗಳನ್ನು ಮುಂದೆಯೂ ಪ್ರಕಟಿಸುತ್ತೇವೆ, ತಮ್ಮ ಭಿನ್ನಾಭಿಪ್ರಾಯವನ್ನೂ ಪ್ರಕಟಿಸುತ್ತೇವೆ. ತಾವು ದಶಕಗಳ ಕಾಲ ಪಾಠ ಹೇಳಿದವರು, ಹಳೆಯ ವಿದ್ಯಾರ್ಥಿಗಳು ಇಂದಿಗೂ ತಮ್ಮ ಮನೆಗೆ ಬರುತ್ತಾರೆಂದು ಬರೆದಿದ್ದೀರಿ. ಅವರಲ್ಲೊಬ್ಬರು ಎಂದಾದರೂ ಈ ಮಾತನ್ನು ತಮ್ಮೆದುರು ತೆಗೆದರೆ, ಮದುವೆ ಮಾಡಿಕೊಂಡರೆ ಸರಿಹೋಗುತ್ತದೆ ಎಂದು ದಯವಿಟ್ಟು ಹೇಳಬೇಡಿ. ಆ ಮದುವೆಯಲ್ಲಿ ಇನ್ನೊಂದು ಜೀವವೂ ಬೇಯುತ್ತದೆ. ಕುಳ್ಳಿರಿಸಿ ಪೂರ್ತಿ ಕೇಳಿ, ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ತಿಳಿಸಬೇಡಿ, ತೀರಾ ಕುಗ್ಗಿದ್ದಾರೆಂದು ಕಂಡರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡಿ.

— ಸಂಪಾದಕ